ಇಬ್ಬರಿಗೂ ಆಗಬೇಕಾದ ಇಂಜೆಕ್ಷನ್

ಗಡಿಯಾರ ರಿಪೇರಿಯವನ ಅಂಗೈಯಲ್ಲಿ ಎದ್ದಿದ್ದ ತಾಮ್ರಬಣ್ಣದ ಚುಕ್ಕೆಗಳನ್ನು ನೋಡಿ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದ್ದರು. "ಸಿಫಿಲಿಸ್. ಇಂಜೆಕ್ಷನ್‌ಗೆ ವಾಸಿಯಾಗುತ್ತೆ, ಹೆದರ್ಬೇಡಿ. ಆದ್ರೆ ನೀವು ಯಾರ ಜೊತೆ ಇದ್ರೋ ಅವರನ್ನೂ ಕರ್ಕೊಂಡು ಬನ್ನಿ. ಮೊದ್ಲು ಏಳೋ ಹುಣ್ಣು ನೋಯೋದಿಲ್ಲ, ತಾನಾಗೇ ಮಾಯ್ದು ಹೋಗುತ್ತೆ. ರೋಗ ಒಳಗೇ ಇರುತ್ತೆ. ಪಾಪ, ಅವರಿಗೆ ಗೊತ್ತೇ ಇಲ್ದಿರಬಹುದು."

ಅವನು ಇಂಜೆಕ್ಷನ್ ಹಾಕಿಸಿಕೊಂಡು ಬಂದ. ಹೆಂಡತಿ ಸತ್ತ ಮೇಲೆ ಅವನು ಇದ್ದದ್ದು ಒಬ್ಬಳ ಜೊತೆ, ಒಂದೇ ಸಲ. ಎದುರು ಸಾಲಿನ ಇಸ್ತ್ರಿ ಅಂಗಡಿಯವಳು. ಆವತ್ತಿನಿಂದ ಇಬ್ಬರೂ ನಾಚಿಕೆಯಿಂದ ಮುಖ ತಪ್ಪಿಸಿಕೊಂಡೇ ಓಡಾಡುತ್ತಿದ್ದರು.

ಇಂಜೆಕ್ಷನ್ನಿನ ನೋವು ಇಳಿದ ಮೇಲೆ, ಚೆನ್ನಾಗಿ ಬೈದುಬಿಡಬೇಕೆಂದು ರಸ್ತೆ ದಾಟಿದ. ಅವನನ್ನು ಕಂಡದ್ದೇ ಅವಳು ಹಣೆಯ ಕೂದಲು ಸರಿಮಾಡಿಕೊಂಡಳು. ಸ್ಟೂಲು ಎಳೆದು ಹಾಕಿ, "ಅಂತೂ ಬಂದ್ರಲ್ಲ" ಎಂದಳು.

ಅವನು ಸ್ಟೂಲಿನ ಮೇಲೆ ಕೂತ. ನೆಲ ನೋಡುತ್ತ ವಿಷಯ ಹೇಳಿದ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ನನ್ ಗಂಡ ಹೋದ ವರ್ಷ ಬಿಟ್ಟು ಹೋದಾಗ ಮನೇಲಿದ್ದದ್ದನ್ನೆಲ್ಲ ಹೊತ್ಕೊಂಡು ಹೋದ. ಇದೊಂದನ್ನ ನಂಗೇ ಬಿಟ್ಟು ಹೋಗಿದಾನೆ" ಎಂದಳು. ಆಮೇಲೆ ಕೇಳಿದಳು: "ಬೈಯೋಕ್ ಬಂದ್ರಾ?"

"ಹಾಗಂದ್ಕೊಂಡೇ ಬಂದೆ. ನಾಳೆ ಅಂಗಡಿ ಮುಚ್ಚಿ, ಆಸ್ಪತ್ರೆಗೆ ಹೋಗೋಣ."

ಮರುದಿನ ಅವಳಿಗೂ ರಕ್ತ ಪರೀಕ್ಷೆಯಾಯಿತು, ಇಂಜೆಕ್ಷನ್ ಆಯಿತು. "ಮತ್ತೆ ರಕ್ತ ನೋಡಿ ನಾನು ಸರಿ ಅನ್ನೋವರೆಗೆ ದೂರ ಇರಿ. ಆಮೇಲೂ ಕಾಂಡೋಮ್ ಇಲ್ದೆ ಬೇಡ" ಎಂದರು ಡಾಕ್ಟರಮ್ಮ. ಇವನು ಕಿಟಕಿ ನೋಡಿದ, ಅವಳು ಬಾಗಿಲು ನೋಡಿದಳು. ತಮ್ಮಿಬ್ಬರ ನಡುವೆ ಒಂದು 'ಆಮೇಲೆ' ಇರಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಅವಳು ಕೂರಲು ಹೋಗಿ, ಹಲ್ಲು ಕಚ್ಚಿ ಎದ್ದು, ಕಂಬಿ ಹಿಡಿದು ನಿಂತಳು. ಅವನು ಪಕ್ಕದಲ್ಲಿ ಬಂದು ನಿಂತ.

"ಇಷ್ಟೊಂದು ಸೀಟಿದೆ, ಕೂತ್ಕೊಳ್ಳಿ" ಎಂದ ಕಂಡಕ್ಟರು.

"ಇಂಜೆಕ್ಷನ್ ಆಗಿದೆ, ಇವರಿಗೆ ಕೂರೋಕಾಗಲ್ಲ."

ಕಂಡಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿದ. "ಸರಿ. ನಿಮಗೇನಾಗಿದೆ?"