ಇಲ್ಲಿ ಬರಹ ಬರುತ್ತದೆ

ವೆಬ್‌ಸೈಟ್ ಅಂದರೆ ಮೊದಲು ಕಣ್ಣಿಗೆ ಹಬ್ಬ ಆಗಬೇಕು... ಇದು ಹಾವೇರಿಯ ಡಿಸೈನರ್ ಮಾಲತೇಶನ ನಂಬಿಕೆ.

"ಬರಿಯೂದೇನ್ರಿ, ಆಮ್ಯಾಲ ತುಂಬಿದ್ರಾತು!" ಎನ್ನುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಆಸಾಮಿ!

ಒಮ್ಮೆ ಅಂಧ ಮಕ್ಕಳ ವಸತಿ ಶಾಲೆಯೊಂದರ ಕೆಲಸ ಬಂತು. ಬರುವ ಜೂನ್‌ನಲ್ಲಿ ಹೊಸ ಮಕ್ಕಳು ಸೇರದಿದ್ದರೆ ಶಾಲೆಯನ್ನೇ ಮುಚ್ಚಬೇಕಾದ ಸ್ಥಿತಿ...

ಮಾಲತೇಶ ಜೀವ ತೇಯ್ದು ದುಡಿದ. ಸೂರ್ಯೋದಯದ ಬ್ಯಾನರ್, ತೇಲಾಡುವ ಚಿಟ್ಟೆಗಳು... ಬರಹದ ಜಾಗದಲ್ಲೆಲ್ಲ ಸದ್ಯಕ್ಕೆ "ಇಲ್ಲಿ ಬರಹ ಬರುತ್ತದೆ" ಎಂದು ಹಾಕಿಟ್ಟ.

ಮುಖ್ಯೋಪಾಧ್ಯಾಯಿನಿ ನಾಗವೇಣಿ ಟೀಚರ್ ಅವರಿಗೂ ಕಣ್ಣು ಕಾಣುವುದಿಲ್ಲ. ಪರದೆ ಮೇಲಿದ್ದುದನ್ನು ಅವರ ಫೋನೇ ಓದಿ ಹೇಳುತ್ತದೆ. ಮಾಲತೇಶನ ಎದುರಲ್ಲೇ ಸೈಟ್ ತೆರೆದು ಕಿವಿಗೊಟ್ಟರು.

"ಚಿತ್ರ... ಚಿತ್ರ... ಇಲ್ಲಿ ಬರಹ ಬರುತ್ತದೆ... ಚಿತ್ರ... ಇಲ್ಲಿ ಬರಹ ಬರುತ್ತದೆ..."

ಸುತ್ತ ನಿಂತ ಮಕ್ಕಳು ಕಿಸಕ್ಕನೆ ನಕ್ಕರು. ಟೀಚರ್ ನಗಲಿಲ್ಲ.

"ಮನೀಗೆ ಬಣ್ಣ ಛಲೋ ಹಚ್ಚೀಯಂತ ಮಂದಿ ಹೇಳ್ತಾರ ತಮ್ಮಾ... ಒಳಗ ಯಾರೂ ಇಲ್ಲಲ್ಲೋ! ಇದನ್ನ ಕೇಳಿ ಯಾವ ತಾಯಿ ಕೂಸನ್ನ ಕಳಸ್ತಾಳ?"

ಮಾಲತೇಶನಿಗೆ ನಾಚಿಕೆಯಾಯಿತು. ಆದರೆ ಓಡಿಹೋಗಲಿಲ್ಲ.

"ಒಂದ್ ವಾರ ಕೊಡ್ರಿ ಟೀಚರ್. ಮೊದಲಿಂದ ಮಾಡ್ತೀನಿ."

ಪಟ್ಟು ಹಿಡಿದ. ಮೊದಲ ಐದು ದಿನ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ... ಶಾಲೆಯ ಕಟ್ಟೆ ಮೇಲೆ ಕುಳಿತು, ಮಕ್ಕಳನ್ನು ನೋಡಲು ಬಂದ ಪೋಷಕರನ್ನು ಕೇಳಿದ.

"ಮೊದಲ ಸಲ ಬಿಟ್ಟು ಹೋಗೂವಾಗ ಏನ್ ಚಿಂತಿ ಆಗಿತ್ರಿ?"

ಫೀಸು, ರಿಸಲ್ಟು ಯಾರ ಬಾಯಲ್ಲೂ ಬರಲಿಲ್ಲ. ಒಬ್ಬ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ರಾತ್ರಿ ಕೂಸು ಅಂಜಿ ಎದ್ರ ಬಾಜೂಕ ಯಾರಿರ್ತಾರೋ ಅಂತ... ಅದೊಂದ ಚಿಂತಿ ನೋಡಪ್ಪಾ."

ಅವನಿಗೂ ಕಣ್ಣು ತುಂಬಿ ಬಂತು.

ಹೊಸ ಸೈಟಿನಲ್ಲಿ ಚಿಟ್ಟೆಗಳಿರಲಿಲ್ಲ. ಮೊದಲ ಸಾಲೇ ಇದು: "ರಾತ್ರಿ ನಿಮ್ಮ ಮಗು ಹೆದರಿ ಎದ್ದರೆ, ಪಕ್ಕದ ಮಂಚದಲ್ಲೇ ನಮ್ಮ ಹಾಸ್ಟೆಲಿನ ಗೌರಕ್ಕ ಇರುತ್ತಾರೆ."

ಬಣ್ಣ, ಅಕ್ಷರ, ಅಂಚು ಎಲ್ಲವನ್ನೂ ಆ ಮಾತಿಗೆ ತಕ್ಕಂತೆ ಆಮೇಲೆ ಕೂರಿಸಿದ.

ಜೂನ್ ಬಂತು... ಗೇಟಿನ ಬಳಿ ಪುಟ್ಟ ಮಗಳ ಕೈ ಹಿಡಿದು ಒಬ್ಬ ಅಪ್ಪ ನಿಂತಿದ್ದ. ಅವನ ಇನ್ನೊಂದು ಕೈಯಲ್ಲಿ ಅಂಧರು ಹಿಡಿಯುವ ಬಿಳಿ ಕೋಲು!

"ನಿಮ್ಮ ವೆಬ್‌ಸೈಟ್ ಕೇಳಿದೆನ್ರೀ... ಗೌರಕ್ಕ ಎಲ್ಲದಾರ? ನನ್ನ ಮಗಳ ಕೈ ಅವರ ಕೈಯಾಗ ಕೊಡಬೇಕು."

ಆ ವರ್ಷ ಹಾಸ್ಟೆಲಿನ ಒಂದು ಮಂಚವೂ ಖಾಲಿ ಉಳಿಯಲಿಲ್ಲ.

ಹೇಳುವ ಮಾತು ಮೊದಲು... ಅದಕ್ಕೆ ತೊಡಿಸುವ ಅಂದ ಆಮೇಲೆ.

ನೀವು ಇವತ್ತು ಇಷ್ಟೊಂದು ಸಿಂಗರಿಸುತ್ತಿದ್ದೀರಲ್ಲ... ಅದರೊಳಗೆ ಹೇಳಬೇಕಾದ ಮಾತು ಇದೆಯೇ?