ನಕಾಬಿನ ಷರತ್ತು

ಆಟೊ ಕಾಲುವೆಯ ಸೇತುವೆ ದಾಟಿದ್ದೇ ತಡ, ತರನ್ನುಮ ನಕಾಬು ಬಿಚ್ಚಿ ಚೀಲಕ್ಕೆ ತುರುಕಿದಳು. ತಲೆಯ ಸ್ಕಾರ್ಫ್ ಹಾಗೇ ಇತ್ತು. ಅದು ಅವಳದು. ಮುಖದ ಕರಿಬಟ್ಟೆ ಮಾತ್ರ ಅಣ್ಣನ ಹುಕುಂ.

ತಿರುಗಿ ನೋಡಿದಳು. ಅಣ್ಣ ಶಹಬಾಜನ ಬೈಕು ಕಾಣಲಿಲ್ಲ.

ಶಹಾಪುರದ ಬಟ್ಟೆ ಅಂಗಡಿಯಲ್ಲಿ ಇವತ್ತು ಅವಳ ಮೊದಲ ದಿನ. ಕೆಲಸ ಖಾಲಿ ಇದೆ ಎಂದು ಹೇಳಿದವಳು ಅಲ್ಲೇ ದುಡಿಯುವ ಗೆಳತಿ ಅಂಜನಾ. ಮಾಲೀಕ ಅಯ್ಯಣ್ಣನನ್ನು ಹೋಗಿ ಕೇಳಿದವನು ಶಹಬಾಜ. ಅಂಗಡಿಯ ಫ್ಯಾನು, ಇನ್ವರ್ಟರು ರಿಪೇರಿ ಮಾಡುವವನು ಅವನೇ. ಕೇಳಲು ಹೋಗುವ ಮುನ್ನ, ಮಾಲೀಕನಿಗೆ ತೋರಿಸಲೆಂದು ಮೊಬೈಲಿನಲ್ಲಿ ತಂಗಿಯ ಫೋಟೊ ತೆಗೆದುಕೊಂಡಿದ್ದ. "ಸ್ವಲ್ಪ ನಗು," ಅಂದಿದ್ದ.

ಆ ಸಂಜೆ ಮನೆಗೆ ಬಂದವನು ಬೇರೆಯೇ ಮನುಷ್ಯ.

"ಕೆಲಸ ಸಿಕ್ಕೈತಿ," ಎಂದ, ಗೋಡೆ ನೋಡುತ್ತ. "ಆದ್ರ ನಕಾಬ್ ಹಾಕ್ಕೊಂಡೇ ಹೋಗ್ಬೇಕು. ಅಂಗಡ್ಯಾಗೂ ತೆಗಿಯಂಗಿಲ್ಲ."

"ಅಮ್ಮೀನ ಹಾಕಂಗಿಲ್ಲ. ನನಗ್ಯಾಕ ಭಾಯ್?"

"ಮಂದಿ ಏನಂತಾರ?"

"ಯಾವ ಮಂದಿ?"

"ಹಾಕ್ಕೋ ಅಂದ್ರ ಹಾಕ್ಕೋ!" ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದುಹೋದ.

ಶುಕ್ರವಾರದ ನಮಾಜಿಗೂ ನೆಟ್ಟಗೆ ಹೋಗದವನು ಶಹಬಾಜ. ಅವನ ತಲೆಗೆ ಇದನ್ನು ಯಾರು ತುಂಬಿದರೋ ಎಂದು ತರನ್ನುಮ ಆ ರಾತ್ರಿಯೆಲ್ಲ ಯೋಚಿಸಿದ್ದಳು. ಮೂರು ವರ್ಷದ ಹಿಂದೆ ಕಾಲೇಜಿನ ಗೇಟಿನಲ್ಲಿ ಸ್ಕಾರ್ಫ್ ತೆಗೆ ಎಂದಿದ್ದರು. ತೆಗೆಯದೆ ಮನೆಗೆ ಬಂದಳು, ಓದು ನಿಂತಿತು. ಅಂದು ಅವರು ತೆಗೆ ಎಂದರು. ಇಂದು ಇವನು ಹಾಕು ಎನ್ನುತ್ತಾನೆ. ಅವಳನ್ನು ಕೇಳಿದವರು ಯಾರು?

ಮುಖದ ಬಗ್ಗೆ ಅವಳಿಗೆ ನಾಚಿಕೆ ಉಳಿದಿರಲಿಲ್ಲ. ತುಟಿಯಿಂದ ಕೆನ್ನೆಗೆ ಹಬ್ಬಿದ ಬಿಳಿ ಮಚ್ಚೆ. ಅಂಟುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು. ನೋಡಲು ಬಂದ ಎರಡು ಸಂಬಂಧಗಳು ಚಹಾ ಕುಡಿದು ವಾಪಸ್ ಹೋಗಿದ್ದವು. ಅಮ್ಮಿ ತಂದ ಮುಲಾಮುಗಳನ್ನು ಹಚ್ಚಿ ಹಚ್ಚಿ, ಒಂದು ದಿನ ಎಲ್ಲವನ್ನೂ ತಿಪ್ಪೆಗೆ ಎಸೆದಿದ್ದಳು.

ಅಂಗಡಿಯಲ್ಲಿ ಅವಳ ಬರಿಮುಖ ಕಂಡು ಅಂಜನಾ ಕಣ್ಣರಳಿಸಿದಳು. "ನಿಮ್ಮಣ್ಣ ಬಿಟ್ನಾ?"

"ನಾನ ಬಿಟ್ಟೆ."

ಅಯ್ಯಣ್ಣ ಇನ್ನೂ ಬಂದಿರಲಿಲ್ಲ. ಅಂಜನಾ ಅವಳನ್ನು ಸೀರೆಯ ಗಾದಿಯ ಮೇಲೆ ಕೂರಿಸಿದಳು. ಸುರಪುರದಿಂದ ಬಂದ ಮದುವೆ ಮನೆಯವರಿಗೆ ತರನ್ನುಮ ಹನ್ನೆರಡು ಸೀರೆ ಬಿಚ್ಚಿ ತೋರಿಸಿದಳು. ಅವರು ಐದು ಆರಿಸಿದರು. ಮದುಮಗಳು, "ಈ ಬಣ್ಣ ನನಗ ಒಪ್ಪತೈತೇನ್ರಿ?" ಎಂದು ಅವಳನ್ನೇ ಕೇಳಿದಳು. ಎಷ್ಟೋ ದಿನಗಳ ಮೇಲೆ ತರನ್ನುಮ ಬಾಯ್ತುಂಬ ನಕ್ಕಳು.

ಆಗ ಬಾಗಿಲಲ್ಲಿ ಶಹಬಾಜ ನಿಂತಿದ್ದ. ಬೆವೆತಿದ್ದ.

"ತನ್ನೂ, ಹಾಕ್ಕೋ. ಕೈ ಮುಗೀತೀನಿ. ಈಗಲೇ ಹಾಕ್ಕೋ."

"ಹಾಕಂಗಿಲ್ಲ. ನನ್ನ ಮುಖ ಇದು."

ಗಿರಾಕಿಗಳು ತಿರುಗಿದರು. "ಅಯ್ಯ, ಅದರ ಪಾಡಿಗೆ ಅದು ದುಡಿಯಾಕತ್ತೈತಿ, ಬಿಡೋ ತಮ್ಮಾ," ಎಂದಳು ಮದುವೆ ಮನೆಯ ಮುದುಕಿ. ಅಂಜನಾ ಬಂದು ಗೆಳತಿಯ ಪಕ್ಕಕ್ಕೆ ನಿಂತಳು. ತರನ್ನುಮ ಕಣ್ಣು ಕೆಳಗಿಳಿಸಲಿಲ್ಲ. ಗೆದ್ದೆ ಅನ್ನಿಸಿತು.

ಶಹಬಾಜ ಅವಳನ್ನು ನೋಡುತ್ತಿರಲಿಲ್ಲ. ಅಂಗಡಿಯ ಹಿಂಬಾಗಿಲಿನಿಂದ ಒಳಗೆ ಬಂದ ಅಯ್ಯಣ್ಣನನ್ನು ನೋಡುತ್ತಿದ್ದ. "ಸಾವ್ಕಾರ್ರ, ಏನೂ ಅನ್ನಬ್ಯಾಡ್ರಿ, ಆಕಿಗೆ ಏನೂ ಗೊತ್ತಿಲ್ರಿ," ಎಂದು ಕೈ ಜೋಡಿಸಿದ.

ಅಯ್ಯಣ್ಣ ದನಿ ಏರಿಸಲಿಲ್ಲ, ಮಗಳಿಗೆ ಹೇಳುವಂತೆ ಹೇಳಿದ: "ಮುಖ ಮುಚ್ಚಿಕೊಂಡ್ರ ಮಾತ್ರ ಕೆಲಸ ಅಂತ ನಿಮ್ಮಣ್ಣಗ ಅವತ್ತ ಹೇಳಿದ್ದೆನಲ್ಲವ್ವ, ಆ ಮಚ್ಚಿ ನೋಡಿದ್ರ ಗಿರಾಕಿ ಹೇಸ್ತಾರ."