ಐದನೇ ನುಡಿ

"ಈ ಒಂದು ಸಾಲು ಎಲ್ಲಿಗೆ ಹೋಯ್ತು?"

ಮಾನಸ ಯಾರನ್ನೂ ಕೇಳಿದ್ದಲ್ಲ. ಮಡಿಲಲ್ಲಿದ್ದ ಹಳೇ ನೋಟ್‌ಬುಕ್ಕನ್ನು ಕೇಳಿದಂತಿತ್ತು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಅವಳು ಶನಿವಾರದ ಬಸ್ಸಿಗೆ ಹರದನಹಳ್ಳಿಗೆ ಬಂದದ್ದೇ ಇದಕ್ಕಾಗಿ. ಅವ್ವ ಮರಿತಾಯಮ್ಮ ಕಟ್ಟಿದ ಏಸುವಿನ ಹಾಡು ಚರ್ಚಿನ ಐವತ್ತನೇ ವರ್ಷದ ಪುಸ್ತಕದಲ್ಲಿ ಅಚ್ಚಾಗಬೇಕಿತ್ತು; ಅದರ ಪ್ರಾಸ, ಛಂದಸ್ಸಿನ ಬಗ್ಗೆ ಎರಡು ಪುಟ ಬರೆದುಕೊಡಲು ಪಾದ್ರಿಗಳು ಮಗಳಿಗೇ ಹೇಳಿದ್ದರು.

ಹಾದಿ–ಬೀದಿ, ನೆರಳು–ಕೊರಳು ಎಂದು ಸಾಲಿನ ಮೊದಲಲ್ಲೇ ಪ್ರಾಸ. ನಾಲ್ಕು ನಾಲ್ಕು ಮಾತ್ರೆಯ ನಡೆ. ಪ್ರತಿ ನುಡಿಯ ಕೊನೆಗೆ 'ಮಗ್ಗುಲ ಜಾಗವ ಕೊಡು ಏಸಪ್ಪ' ಎಂಬ ಸಾಲು ಎರಡು ಸಲ. ಚರ್ಚಿನಲ್ಲಿ ಹಾಡುವ ನಾಲ್ಕು ನುಡಿಗಳೂ ಹಾಗೇ. ಅವ್ವನ ಓರೆಕೋರೆ ಅಕ್ಷರದಲ್ಲಿ, ಈ ನೋಟ್‌ಬುಕ್ಕಿನಲ್ಲಿ ಮಾತ್ರ ಇದ್ದ ಐದನೆಯದರಲ್ಲಿ ಆ ಸಾಲು ಒಂದೇ ಸಲ. ಬರೆಯುವಾಗ ಬಿಟ್ಟುಹೋಗಿರಬೇಕೆಂದು ಮಾನಸ ಪೆನ್ಸಿಲಿನಲ್ಲಿ ಅದನ್ನು ಇನ್ನೊಮ್ಮೆ ಬರೆದಳು.

"ಏಸಪ್ಪನ ಆಡ್ನೂ ಕಾಳ್ ಎಣಿಸ್ದಂಗೆ ಎಣಿಸ್ತೀಯಲ್ಲಮ್ಮಿ," ಎಂದು ಹುರುಳಿ ಕೇರುತ್ತಾ ನಕ್ಕ ಮರಿತಾಯಮ್ಮ, ಪೆನ್ಸಿಲಿನಲ್ಲಿ ಬರೆದದ್ದನ್ನು ಬಗ್ಗಿ ನೋಡಿದಳು. ಮೊರ ನಿಂತಿತು. "ಅದ ಅಳಿಸ್ಬುಡು."

ಆಮೇಲೆ ನಿಧಾನಕ್ಕೆ ಹೇಳಿದಳು. ಎರಡನೇ ಸಲದ ಸಾಲು ಕುಮಾರಿಯದು. ಮಾನಸ ಹುಟ್ಟುವ ಮುಂಚೆಯೇ, ಏಳು ವರ್ಷಕ್ಕೆ ಜ್ವರ ಬಂದು ತೀರಿಕೊಂಡ ಹಿರಿಮಗಳು. ಅವ್ವ ಹಾಡಿದರೆ ಮಗ್ಗುಲಲ್ಲಿ ಮಲಗಿ ಅದನ್ನೇ ತಿರುಗಿ ಹೇಳುತ್ತಿದ್ದಳಂತೆ. ಐದನೇ ನುಡಿ ಕಟ್ಟಿದ್ದು ಅವಳನ್ನು ಮಣ್ಣು ಮಾಡಿ ಬಂದ ವಾರ.

ಮಾನಸಳಿಗೆ ಚಿಕ್ಕಂದಿನ ಒಂದು ಸಂಜೆ ನೆನಪಾಯಿತು. ಒಲೆ ಮುಂದೆ ಅವ್ವ ಇದೇ ಹಾಡು ಹಾಡಿಕೊಳ್ಳುವಾಗ ತಾನೂ ದನಿಗೂಡಿಸಿದ್ದಳು. ಅವ್ವ ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗಿದ್ದಳು. ತನ್ನ ದನಿ ಚೆನ್ನಾಗಿಲ್ಲವೆಂದುಕೊಂಡು ಅಂದಿನಿಂದ ಅವಳು ಚರ್ಚಿನಲ್ಲೂ ತುಟಿಯಷ್ಟೇ ಆಡಿಸುತ್ತಿದ್ದಳು.

ಬರೆದದ್ದನ್ನು ಅಳಿಸಿ, ಐದನೇ ನುಡಿಯನ್ನು ಒಮ್ಮೆ ಹಾಡೆಂದು ಕೇಳಿಕೊಂಡಳು. ಮರಿತಾಯಮ್ಮ ಕಣ್ಣು ಮುಚ್ಚಿ ಹಾಡಿದಳು. 'ಮಗ್ಗುಲ ಜಾಗವ ಕೊಡು ಏಸಪ್ಪ.' ಅಲ್ಲಿಗೆ ದನಿ ನಿಂತಿತು. ಮೊರದ ಅಂಚಿನ ಮೇಲೆ ಬೆರಳಿನ ತಾಳ ನಿಲ್ಲಲಿಲ್ಲ. ಮಾನಸ ಎಣಿಸಿದಳು. ಇಡೀ ಒಂದು ಸಾಲಿನ ಹದಿನಾರು ಮಾತ್ರೆ. ಒಂದೂ ಕಡಿಮೆಯಿರಲಿಲ್ಲ.

"ಇನ್ನೊಂದ್ಸಲ ಹಾಡವ್ವ," ಎಂದಳು. "ಆ ಸಾಲ್ನ ನಾನು ಹೇಳ್ತೀನಿ."

ಮರಿತಾಯಮ್ಮ ಕಣ್ಣು ತೆರೆಯಲಿಲ್ಲ.

"ಬ್ಯಾಡ ಕಣಮ್ಮಿ. ಅದ ಅವ್ಳು ಏಳ್ತಾವ್ಳೆ."